ನೀರು ಬಿಡುಗಡೆ, ದುಡ್ಡು ಬಿಡುಗಡೆ

ತುಂಗೆ ಎಷ್ಟು ಏರಿದೆ ಅಂತ ತಿಳಿಯೋಕೆ ಶಿವಮೊಗ್ಗದಲ್ಲಿ ಯಾರೂ ಪೇಪರ್ ನೋಡುವುದಿಲ್ಲ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿ ಒಂದು ಕಲ್ಲಿನ ಮಂಟಪ ಇದೆ. ಅದು ಮುಳುಗಿದರೆ ಹೊಳೆ ತುಂಬಿತು ಅಂತ ಲೆಕ್ಕ. ನಾನು ಇಲ್ಲಿನ ಒಂದು ದಿನಪತ್ರಿಕೆಯ ವರದಿಗಾರ. ತುಂಗೆಯ ಗಾಜನೂರು ಅಣೆಕಟ್ಟೆಯಿಂದ ಇವತ್ತು ಎಷ್ಟು ಸಾವಿರ ಕ್ಯುಸೆಕ್, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು, ಅಂತ ವರ್ಷಗಟ್ಟಲೆ ಬರೆದಿದ್ದೇನೆ. ಆ ಮಂಟಪದ ಮುಂದೆ ನನ್ನ ಕ್ಯುಸೆಕ್ ಯಾವತ್ತೂ ಗೆದ್ದಿಲ್ಲ.

2019ರ ಆಗಸ್ಟ್‌ನಲ್ಲಿ ಮಂಟಪ ಮುಳುಗಿದ್ದಷ್ಟೇ ಅಲ್ಲ, ಹೊಳೆ ಊರೊಳಗೇ ಬಂತು. ಅತ್ತ ಮೂಡಿಗೆರೆ ಕಡೆ ಗುಡ್ಡಗಳು ಜಾರಿದವು, ಇತ್ತ ನಮ್ಮ ಕುಂಬಾರಗುಂಡಿ, ಇಮಾಮ್‌ಬಾಡದ ಮನೆಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ನಾನು ಅಲ್ಲಿಗೆ ಹೋದೆ. ಗೋಡೆ ಮೇಲೆ ಸೊಂಟದ ಎತ್ತರಕ್ಕೆ ಕೆಸರಿನ ಗೆರೆ. ಒದ್ದೆ ಹಾಸಿಗೆಗಳನ್ನೆಲ್ಲ ತಂದು ರಸ್ತೆಗೆ ಹಾಕಿದ್ದರು. ಸಿಕ್ಕಿದವರೆಲ್ಲ ಹೇಳಿದ್ದು ಒಂದೇ ಮಾತು: "ಡ್ಯಾಮ್‌ನವರು ರಾತ್ರೋರಾತ್ರಿ ನೀರು ಬಿಟ್ಟುಬಿಟ್ರು ಸಾರ್."

ಹಾಗಲ್ಲ ಅಂತ ನನಗೆ ಗೊತ್ತಿತ್ತು. ಗಾಜನೂರು ಅಣೆಕಟ್ಟೆ ಹಿಡಿಯೋದು ಬರೀ 3.24 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಪಕ್ಕದ ಭದ್ರಾ ಹಿಡಿಯೋದು 71 ಟಿಎಂಸಿಗೂ ಜಾಸ್ತಿ, ಲಿಂಗನಮಕ್ಕಿ ಅದರ ಎರಡು ಪಟ್ಟು. ಗಾಜನೂರು ಮಳೆಗಾಲದ ಶುರುವಿನಲ್ಲೇ ತುಂಬಿಬಿಡುತ್ತದೆ. ಆಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆ ಬಿದ್ದ ಮಳೆ ಎಷ್ಟು ಬರುತ್ತೋ ಅಷ್ಟನ್ನೂ ಕೆಳಗೆ ಬಿಡಲೇಬೇಕು. ಅಲ್ಲಿ ಯಾರೋ ಕೂತು ನಲ್ಲಿ ತಿರುಗಿಸಿದಂತೆ ಅಲ್ಲ. ಆದರೆ ಇದನ್ನು ನಾನು ಒಂದು ಸಲವಾದರೂ ಬರೆದಿದ್ದೆನಾ? ಇಲ್ಲ. ದಿನಾ ಬರೆದಿದ್ದು "ತುಂಗಾ ಜಲಾಶಯದಿಂದ ನೀರು ಬಿಡುಗಡೆ". ಬಿಡುಗಡೆ ಅಂದರೆ ಯಾರೋ ಬಿಟ್ಟರು ಅಂತ ತಾನೇ? ಜನ ನಾನು ಬರೆದಿದ್ದನ್ನೇ ನಂಬಿದ್ದರು, ಪಾಪ.

ಆಗ ಇದು ನನಗೆ ಅಷ್ಟು ನಾಟಲಿಲ್ಲ. ನಾಟಿದ್ದು ಸ್ವಲ್ಪ ದಿನ ಬಿಟ್ಟು.

ನೆರೆ ಬಂದ ಮನೆಗಳಿಗೆ ತಕ್ಷಣಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಹೇಳಿತ್ತು. ಒಂದು ಸಂಜೆ ಪ್ರೆಸ್ ನೋಟ್ ಬಂತು. ಪುಟ ಮುಗಿಸುವ ಗಡಿಬಿಡಿ. ನಾನು ಎರಡು ಸಾಲು ಆಚೀಚೆ ಮಾಡಿ ಕಳಿಸಿದೆ. ಡೆಸ್ಕ್‌ನವರು ದಪ್ಪಕ್ಷರದ ಹೆಡ್ಡಿಂಗ್ ಕೊಟ್ಟರು: "ನೆರೆ ಸಂತ್ರಸ್ತರಿಗೆ ಪರಿಹಾರ ಬಿಡುಗಡೆ".

ಮಾರನೇ ದಿನ ಬೇರೇನೋ ಕೆಲಸಕ್ಕೆ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಕಿಟಕಿ ಮುಂದೆ ಐವತ್ತು ಅರವತ್ತು ಜನ. ಸುಮಾರು ಜನರ ಕೈಯಲ್ಲಿ ನಮ್ಮ ಪೇಪರ್. ಒಬ್ಬರಂತೂ ಆ ಸುದ್ದಿಯನ್ನಷ್ಟೇ ಕತ್ತರಿಸಿ ಪಡಿತರ ಚೀಟಿಯ ಜೊತೆ ಪ್ಲಾಸ್ಟಿಕ್ ಕವರ್‌ನಲ್ಲಿ ಇಟ್ಟುಕೊಂಡಿದ್ದರು. ಕಿಟಕಿಯ ಒಳಗಿದ್ದ ಗುಮಾಸ್ತರು ಭಾನುವಾರವೂ ರಜೆ ಇಲ್ಲದೆ ದುಡಿದವರು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ರೇಗಿದರು. "ನಮಗೆ ಏನೂ ಬಂದಿಲ್ಲ. ಪೇಪರ್‌ನವರು ಬರೆದಿದ್ದಾರೆ ಅಂದ್ರೆ ಹೋಗಿ ಪೇಪರ್‌ನವರನ್ನೇ ಕೇಳಿ!"

ಪೇಪರ್‌ನವನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದ. ಬಾಯಿ ಬಿಡಲಿಲ್ಲ.

ಹೊರಗೆ ಬಂದಾಗ ಕುಂಬಾರಗುಂಡಿಯ ಅಜ್ಜಿಯೊಬ್ಬರು ಗುರುತು ಹಿಡಿದರು. ಕೆಸರಿನ ಗೆರೆಯ ಫೋಟೋ ತೆಗೆದಿದ್ದು ಅವರ ಮನೆಯಲ್ಲೇ. ಸಿಟ್ಟು ಮಾಡಲಿಲ್ಲ. ನಿಧಾನಕ್ಕೆ ಕೇಳಿದರು: "ಅಲ್ಲಪ್ಪಾ, ನೀರು ಬಿಡುಗಡೆ ಅಂತ ಹಾಕಿದ್ರಿ, ರಾತ್ರಿ ಬೆಳಗಾಗೋದ್ರೊಳಗೆ ಅಡುಗೆಮನೇಲಿತ್ತು. ದುಡ್ಡು ಬಿಡುಗಡೆ ಅಂತಾನೂ ಹಾಕಿದ್ರಿ. ಅದು ಯಾವ ಹೊಳೇಲಿ ಬರ್ತಿದೆ?"

ಆ ಪ್ರೆಸ್ ನೋಟ್ ಸುಳ್ಳಲ್ಲ, ಅದು ನನ್ನನ್ನು ಇವತ್ತಿಗೂ ಕಾಡುತ್ತದೆ. ಹಣ ಜಿಲ್ಲೆಯ ಖಾತೆಗೆ ಬಂದಿತ್ತು. ಗುಮಾಸ್ತರದ್ದೂ ಸುಳ್ಳಲ್ಲ, ಅವರ ಟೇಬಲ್‌ಗೆ ಬಂದಿರಲಿಲ್ಲ. ಅಜ್ಜಿಯದಂತೂ ಅಲ್ಲವೇ ಅಲ್ಲ. ಮೂರೂ ಜನ ನಿಜ ಹೇಳುತ್ತಿದ್ದರೂ ಕಿಟಕಿ ಮುಂದೆ ನಿಂತವರ ಕಣ್ಣಿಗೆ ಸರ್ಕಾರವೂ ಕಳ್ಳ, ಪೇಪರೂ ಕಳ್ಳ. ಮಧ್ಯದ ದಾರಿಯನ್ನು ಹೇಳಬೇಕಾದ ಕೆಲಸ ನನ್ನದಾಗಿತ್ತು, ನಾನು ಒಂದು ಪದ ಹಾಕಿ ಕೈ ತೊಳೆದುಕೊಂಡಿದ್ದೆ.

ತಿದ್ದುಪಡಿ ಹಾಕೋಣ ಅಂದೆ. "ತಪ್ಪು ನಮ್ಮದಲ್ಲವಲ್ಲ, ನೋಟ್‌ನಲ್ಲೇ ಹಾಗಿತ್ತು" ಅಂದರು ಮೇಲಿನವರು. ಸರಿ, ತಿದ್ದುಪಡಿ ಬೇಡ, ಆ ಹಣ ಈಗ ಎಲ್ಲಿದೆ ಅಂತ ಬರೆಯುತ್ತೇನೆ, ಅದೇ ಪುಟದ ಅದೇ ಜಾಗ ಕೊಡಿ ಅಂದೆ. ಅದಕ್ಕೆ ಒಪ್ಪಿದರು.

ನಾಲ್ಕು ದಿನ ಆ ದುಡ್ಡಿನ ಹಿಂದೆ ಅಲೆದೆ. ಮನೆ ಮನೆ ಸರ್ವೆ ಆಗಬೇಕು, ಎಂಜಿನಿಯರ್ ಬಂದು ಹಾನಿ ನೋಡಿ ಮನೆ ಎ, ಬಿ, ಸಿ ಯಾವ ವರ್ಗ ಅಂತ ಬರೆಯಬೇಕು, ಫೋಟೋ ಕಂಪ್ಯೂಟರ್‌ಗೆ ಏರಿಸಬೇಕು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇರಬೇಕು. ಬಾಡಿಗೆಯವರಿದ್ದರೆ ಮಾಲೀಕರಿಗೋ ಬಾಡಿಗೆಯವರಿಗೋ ಅಂತ ಜಗಳ. ಅಜ್ಜಿಯ ಮನೆಯ ಖಾತೆ ಇನ್ನೂ ತೀರಿಕೊಂಡ ಗಂಡನ ಹೆಸರಲ್ಲೇ ಇತ್ತು, ಪಾಸ್‌ಬುಕ್ ಇವರ ಹೆಸರಲ್ಲಿ. ಅವರ ಅರ್ಜಿ ಅಲ್ಲೇ ನಿಂತಿತ್ತು. ಯಾರೂ ತಿರಸ್ಕರಿಸಿರಲಿಲ್ಲ, ಸುಮ್ನೆ ನಿಂತಿತ್ತು, ಅಷ್ಟೇ. ಇದಿಷ್ಟನ್ನೂ ಬರೆದೆ. ಯಾವ ಹಂತದಲ್ಲಿ ಯಾವ ಕಾಗದ ತೆಗೆದುಕೊಂಡು ಯಾರ ಹತ್ತಿರ ಹೋಗಬೇಕು ಅಂತ ಒಂದು ಬಾಕ್ಸ್ ಐಟಂ ಕೂಡ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಜನ ಕತ್ತರಿಸಿ ಇಟ್ಟುಕೊಂಡ ಎರಡನೇ ಸುದ್ದಿ ಅದು. ಮೊದಲನೆಯದು ಯಾವುದು ಅಂತ ಗೊತ್ತಲ್ಲ.

ಅವತ್ತಿನಿಂದ "ಬಿಡುಗಡೆ" ಅಂತ ಬೆರಳು ಟೈಪ್ ಮಾಡಿದ ಕೂಡಲೇ ನಿಲ್ಲುತ್ತೇನೆ. ಎಲ್ಲಿಂದ, ಎಲ್ಲಿಯವರೆಗೆ? ಯಾರ ಮೊಬೈಲ್‌ಗಾದರೂ ಬ್ಯಾಂಕಿನ ಮೆಸೇಜ್ ಬಂತಾ? ಕ್ಯುಸೆಕ್ ಬರೆದರೆ ಜೊತೆಗೆ ಮಂಟಪ ಎಷ್ಟು ಕಾಣುತ್ತಿದೆ ಅಂತಲೂ ಬರೆಯುತ್ತೇನೆ. ಡೆಸ್ಕ್‌ನ ಹುಡುಗರು ನಗುತ್ತಾರೆ. ನಗಲಿ.

ಇದರಿಂದ ಜನರ ನಂಬಿಕೆ ವಾಪಸ್ ಬಂತಾ ಅಂದರೆ, ಒಂದು ರಾತ್ರಿಯ ಮಾತು ಹೇಳುತ್ತೇನೆ. 2021ರ ಜನವರಿ 21, ರಾತ್ರಿ ಹತ್ತು ದಾಟಿತ್ತು. ಢಮ್ ಅಂತ ಸದ್ದು, ಕಿಟಕಿ ಗಾಜು ಅಲುಗಾಡಿತು. ಚಿಕ್ಕಮಗಳೂರು, ದಾವಣಗೆರೆ ಕಡೆಯವರಿಗೂ ಕೇಳಿಸಿತ್ತು. ಊರೆಲ್ಲ ಬೀದಿಗೆ ಬಂತು. ಎಲ್ಲರ ಬಾಯಲ್ಲೂ ಭೂಕಂಪ. ನನ್ನ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: "ಏನು ಅಂತ ನನಗೂ ಇನ್ನೂ ಗೊತ್ತಾಗಿಲ್ಲ. ತಿಳಿದ ಕೂಡಲೇ ಹೇಳ್ತೀನಿ." ಹುಣಸೋಡಿನ ಹತ್ತಿರ ಕಲ್ಲು ಕ್ವಾರಿಗೆ ಬಂದಿದ್ದ ಸ್ಫೋಟಕ ಸಿಡಿದದ್ದು ಅಂತ ಆಮೇಲೆ ತಿಳಿಯಿತು. ಗೊತ್ತಿಲ್ಲ ಅಂದಿದ್ದಕ್ಕೆ ಒಬ್ಬರೂ ಬೈಯಲಿಲ್ಲ. ಅರ್ಧ ಗಂಟೆ ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು.

ಅಜ್ಜಿಗೆ ಕೊನೆಗೆ ದುಡ್ಡು ಬಂತು, ತುಂಬ ತಡವಾಗಿ, ಅಂದುಕೊಂಡಿದ್ದಕ್ಕಿಂತ ಕಡಿಮೆ. ಈಗಲೂ ಮಳೆಗಾಲದಲ್ಲಿ ಮೊಮ್ಮಗನ ಮೊಬೈಲ್‌ನಿಂದ ಫೋನ್ ಮಾಡುತ್ತಾರೆ. ಹೋದ ಮಳೆಗಾಲದಲ್ಲೂ ಮಾಡಿದ್ದರು.

"ಪೇಪರ್‌ನಲ್ಲಿ ಬಿಡುಗಡೆ ಅಂತ ಇದೆಯಂತಲ್ಲಪ್ಪಾ. ನೀರಾ, ದುಡ್ಡಾ?"

"ನೀರು, ಅಜ್ಜಿ."

"ಹಂಗಾದ್ರೆ ಬರುತ್ತೆ" ಅಂದು, ಫೋನ್ ಇಡುವುದಕ್ಕೂ ಮೊದಲೇ ಮೊಮ್ಮಗನನ್ನು ಕೂಗಿದರು, ಅಕ್ಕಿ ಮೂಟೆ ಅಟ್ಟಕ್ಕೆ ಏರಿಸೋಕೆ.