ಹನ್ನೆರಡೇ ಸಂಖ್ಯೆಗಳು

ನಿನ್ನೆ ರಾತ್ರಿ ಒಂಬತ್ತನೆಯ ತರಗತಿಯ ಅಣ್ಣನ ಮಗಳು, ಸಹಗುಣಕಗಳು ಕ್ರಮವಾಗಿ 2, −3, −11, 6 ಆಗಿರುವ ಘನ ಬಹುಪದೋಕ್ತಿಯೊಂದನ್ನು (2x³ − 3x² − 11x + 6) ಮುಂದಿಟ್ಟುಕೊಂಡು, ಅದರ ಮೂಲಗಳನ್ನು, ಅಂದರೆ x ಬದಲು ಇಟ್ಟಾಗ ಅದನ್ನು ಸೊನ್ನೆಯಾಗಿಸುವ ಸಂಖ್ಯೆಗಳನ್ನು, ಹುಡುಕಲು ತೋಚಿದ ಸಂಖ್ಯೆಗಳನ್ನೆಲ್ಲ ಆದೇಶಿಸಿ ನೋಡುತ್ತ ಕುಳಿತಿದ್ದಳು. "ಚಿಕ್ಕಪ್ಪ, ಹೀಗೆ ಎಷ್ಟು ಸಂಖ್ಯೆ ಅಂತ ಹಾಕಿ ನೋಡೋದು?" ಎಂದಳು. ಹನ್ನೆರಡು ಸಾಕು ಎಂದೆ.

ಸಹಗುಣಕಗಳು ಪೂರ್ಣಾಂಕಗಳಾಗಿದ್ದರೆ, ಅತಿಸಂಕ್ಷಿಪ್ತ ರೂಪದಲ್ಲಿ ಬರೆದ ಯಾವುದೇ ಭಾಗಲಬ್ಧ (ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದ) ಮೂಲದ ಅಂಶವು ಸ್ಥಿರಪದವನ್ನೂ (ಇಲ್ಲಿ 6) ಛೇದವು ಮೊದಲ ಸಹಗುಣಕವನ್ನೂ (ಇಲ್ಲಿ 2) ನಿಶ್ಶೇಷವಾಗಿ ಭಾಗಿಸಲೇಬೇಕು. ಆದ್ದರಿಂದ ಇಲ್ಲಿ 1, 2, 3, 6, 1/2, 3/2 ಮತ್ತು ಇವುಗಳ ಋಣ ರೂಪಗಳನ್ನು ಬಿಟ್ಟು ಬೇರೆ ಭಾಗಲಬ್ಧ ಮೂಲ ಇರಲು ಸಾಧ್ಯವೇ ಇಲ್ಲ. 1 ಅನ್ನು ಪರೀಕ್ಷಿಸಲು ಸಹಗುಣಕಗಳನ್ನು ಕೂಡಿದರಾಯಿತು: −6 ಬಂತು. 2 ಕೂಡ ಸೋತಿತು. ಮೂರನ್ನು ಇಟ್ಟು ಸಂಶ್ಲೇಷಿತ ಭಾಗಾಕಾರ (ಸಹಗುಣಕಗಳನ್ನಷ್ಟೇ ಬಳಸಿ ಭಾಗಿಸುವ ಕಿರುದಾರಿ) ಮಾಡಿದಾಗ ಕೆಳಗಿನ ಸಾಲಿನಲ್ಲಿ 2, 3, −2 ಬಂದು, ಕೊನೆಯಲ್ಲಿ ಸೊನ್ನೆ ಉಳಿಯಿತು. ಆ ಸೊನ್ನೆಯ ಸುತ್ತ ಅವಳು ಪೆನ್ಸಿಲಿನಿಂದ ಎರಡು ಸಲ ವೃತ್ತ ಎಳೆದಳು. ಉಳಿದ ವರ್ಗ ಬಹುಪದೋಕ್ತಿಯನ್ನು ತಾನೇ ಅಪವರ್ತಿಸಿ 1/2 ಮತ್ತು −2 ಎಂದು ಬರೆದಳು.

ನನಗೆ ಭಾಗಲಬ್ಧ ಮೂಲಗಳ ಈ ಪ್ರಮೇಯ ಬಹಳ ಪ್ರಿಯವಾದದ್ದು, ಅಂಥ ಮೂಲ ಇಲ್ಲವೆಂದು ಹೇಳುವಾಗಲೂ ಅದು ಅಷ್ಟೇ ಖಚಿತವಾಗಿರುತ್ತದೆ ಎಂಬ ಕಾರಣಕ್ಕೆ. ಘನವು 2 ಆಗುವ ಸಂಖ್ಯೆ x³ − 2 ಎಂಬುದರ ಮೂಲ; ಅದು ಭಾಗಲಬ್ಧವಾಗಿದ್ದರೆ 1, −1, 2, −2 ಇವುಗಳಲ್ಲೊಂದಾಗಿರಬೇಕು. ಇವುಗಳ ಘನಗಳು 1, −1, 8, −8. ಹಾಗಾಗಿ ಎರಡರ ಘನಮೂಲ ಅಭಾಗಲಬ್ಧವೆಂಬುದು ನಾಲ್ಕೇ ಘನಗಳ ಲೆಕ್ಕದಲ್ಲಿ ಸಿದ್ಧವಾಗುತ್ತದೆ. ಇದನ್ನು ತೋರಿಸಿದಾಗ ಅವಳು ಪುಟ ತಿರುಗಿಸಿ, ಐದರ ಘನಮೂಲವನ್ನು ಹಾಗೆಯೇ ಪರೀಕ್ಷಿಸತೊಡಗಿದಳು.