"ಮೇಡಂ, ನೀವೂ ಸಿನಿಮಾ ಸುದ್ದಿ ಓದುತ್ತೀರಾ?"

ಶುಕ್ರವಾರ ಕಾಲೇಜಿನ ಸ್ಟಾಫ್ ರೂಮಿಗೆ ಪತ್ರಿಕೆ ಬಂದ ಕೂಡಲೇ ನಾನು ಮೊದಲು ಎಳೆದುಕೊಳ್ಳುವುದು ಸಿನಿಮಾ ಪುಟವನ್ನು. ಸಂಪಾದಕೀಯ ಆಮೇಲೆ. ಹಳೆಯ ಸಹೋದ್ಯೋಗಿಗಳಿಗೆ ಇದು ರೂಢಿಯಾಗಿದೆ. ಹೊಸದಾಗಿ ಬಂದವರು ಮಾತ್ರ ಒಂದೆರಡು ವಾರ ತಡೆದುಕೊಂಡು ಕೊನೆಗೆ ಕೇಳಿಯೇ ಬಿಡುತ್ತಾರೆ: "ಪಂಪ, ಕುಮಾರವ್ಯಾಸ ಪಾಠ ಮಾಡುವವರು ನೀವು. ಯಾವ ನಟನ ಮನೆಯಲ್ಲಿ ಏನಾಯಿತು ಎನ್ನುವುದು ನಿಮಗೇಕೆ ಮೇಡಂ?" ವಿದ್ಯಾರ್ಥಿಗಳೂ ಕೇಳಿದ್ದಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತ ನಿವೃತ್ತ ಚಿಕ್ಕಪ್ಪನೂ ಕೇಳಿದ್ದಾರೆ, ಧಾರಾವಾಹಿ ಮುಗಿಯುವ ತನಕ ಯಾರ ಫೋನನ್ನೂ ಎತ್ತದ ಚಿಕ್ಕಪ್ಪ!

ಮೊದಲೆಲ್ಲ "ಸುಮ್ಮನೆ ಕಾಲ ಕಳೆಯಲು" ಎಂದು ತೇಲಿಸುತ್ತಿದ್ದೆ. ಈಗ ನಲವತ್ತು ದಾಟಿದೆ, ಸರಿಯಾದ ಉತ್ತರ ಹೇಳಲು ನಾಚಿಕೆಯಿಲ್ಲ. ಆದರೆ ಅದಕ್ಕೆ ತಿಪಟೂರಿನ ನಮ್ಮ ಮನೆಯ ಮುಂದಿನ ಕೋಣೆಗೆ ಬರಬೇಕು.

ಆ ಕೋಣೆ ಅಮ್ಮನ ಹೊಲಿಗೆ ಅಂಗಡಿ. ಕಾಲಿನಿಂದ ತುಳಿಯುವ ಒಂದು ಮೆಷಿನ್ನು, ಗೋಡೆಗೊರಗಿದ ಬೆಂಚು, ಬೆಂಚಿನ ಮೇಲೆ ರಟ್ಟು ಕಿತ್ತುಹೋದ ಹತ್ತಾರು 'ರೂಪತಾರಾ' ಸಿನಿಮಾ ಪತ್ರಿಕೆಯ ಸಂಚಿಕೆಗಳು. ಯಾವುದರಲ್ಲೂ ಪುಟಗಳು ಪೂರ್ತಿ ಇರುತ್ತಿರಲಿಲ್ಲ. ರವಿಕೆ ಹೊಲಿಸಲು ಬಂದವರು ನಟಿಯ ಚಿತ್ರ ತೋರಿಸಿ, "ಇದೇ ಕತ್ತು ಇಡಿ ಅಕ್ಕಾ, ಆದರೆ ಇಷ್ಟು ಇಳಿಸಬೇಡಿ, ಮನೆಯಲ್ಲಿ ಅತ್ತೆ ಇದ್ದಾರೆ" ಎಂದು ಪುಟ ಹರಿದು ಬಟ್ಟೆಯ ಜೊತೆಗೇ ಮಡಚಿ ಕೊಟ್ಟು ಹೋಗುತ್ತಿದ್ದರು. ನಟಿ ಕಲ್ಪನಾ ತೀರಿಕೊಂಡಿದ್ದು 1979ರಲ್ಲಿ. ತೊಂಬತ್ತರ ದಶಕದಲ್ಲೂ ನಡುವಯಸ್ಸಿನ ಹೆಂಗಸರು ಅಮ್ಮನ ಮುಂದೆ ಕೈ ಚಾಚಿ "ಕಲ್ಪನಾ ತೋಳು" ಎಂದರೆ ಸಾಕಾಗಿತ್ತು, ಚಿತ್ರ ಬೇಕಿರಲಿಲ್ಲ. ಅಳತೆಗೆ ಕಾಗದ ಕತ್ತರಿಸಿ ಇಟ್ಟುಕೊಳ್ಳಲು ಅಮ್ಮ ಬಳಸುತ್ತಿದ್ದುದೂ ಹಳೆಯ ಸಿನಿಮಾ ಪುಟಗಳನ್ನೇ. ಮೊಳೆಗೆ ಸಿಕ್ಕಿಸಿದ ತೋಳಿನ ಕಾಗದದಲ್ಲಿ ಯಾವುದೋ ನಾಯಕನ ಅರ್ಧ ಮೀಸೆ, ಬೆನ್ನಿನ ಕಾಗದದಲ್ಲಿ ಇನ್ನರ್ಧ.

ಬೆಂಚಿನ ಮೇಲೆ ಕುಳಿತವರ ಮಾತೂ ಸಿನಿಮಾದವರದ್ದೇ. ಯಾರು ಯಾರನ್ನು ಬಿಟ್ಟರು, ಯಾರಿಗೆ ಕುಡಿತದ ಚಟ, ಯಾರ ಸೊಸೆ ಮನೆಗೆ ಹೊಂದಿಕೊಳ್ಳಲಿಲ್ಲ. ಮೂಲೆಯಲ್ಲಿ ಕೊಕ್ಕೆ ಹೊಲಿಯುತ್ತ ಕೂರುತ್ತಿದ್ದ ನನಗೆ ಇದೆಲ್ಲ ಬರೀ ಹರಟೆ ಎನ್ನಿಸುತ್ತಿತ್ತು, 2000ನೆಯ ಇಸವಿಯ ತನಕ.

ಆ ವರ್ಷ ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಕಾಡುಗಳ್ಳ ವೀರಪ್ಪನ್ ರಾಜ್‌ಕುಮಾರ್ ಅವರನ್ನು ಕಾಡಿಗೆ ಕರೆದೊಯ್ದ. ನಾನಾಗ ಪಿಯುಸಿ. ಬಿಡುಗಡೆಯಾದದ್ದು ನವೆಂಬರ್ 15ಕ್ಕೆ, ಒಟ್ಟು 108 ದಿನ. ಆ ದಿನಗಳಲ್ಲಿ ಸುದ್ದಿ ಎಂದರೆ ಕ್ಯಾಸೆಟ್. ವೀರಪ್ಪನ್ ಮಾತು ಧ್ವನಿಮುದ್ರಿಸಿ ಕಳುಹಿಸುತ್ತಿದ್ದ, ತಮಿಳಿನ 'ನಕ್ಕೀರನ್' ಪತ್ರಿಕೆಯ ಸಂಪಾದಕ ಗೋಪಾಲ್ ಸಂಧಾನಕ್ಕೆಂದು ಕಾಡಿಗೆ ಹೋಗಿ ಬರುತ್ತಿದ್ದರು. ಪತ್ರಿಕೆಯವನೇ ದೂತನೂ ಆದ ಕಾಲ ಅದು. ಕ್ಯಾಸೆಟ್ ಬಂತೆಂದರೆ ಒಂದು ದಿನ ಸಮಾಧಾನ, ಬರದಿದ್ದರೆ ಊರೆಲ್ಲ ಗುಸುಗುಸು.

ನಮ್ಮ ಬೆಂಚಿನ ಮೇಲೆ ದಿನವೂ ರಾಜ್‌ಕುಮಾರ್ ಅವರ ಪತ್ನಿ ಪಾರ್ವತಮ್ಮನವರ ಮಾತು. ಆಕೆ ಊಟ ಮಾಡುತ್ತಾರೋ ಇಲ್ಲವೋ, ರಾತ್ರಿ ಹೇಗೆ ಕಳೆಯುತ್ತಾರೋ ಎಂದು ಎಲ್ಲರೂ ಮರುಗುತ್ತಿದ್ದರು. ಒಂದು ಸಂಜೆ, ಅಷ್ಟು ಹೊತ್ತು ಸುಮ್ಮನೆ ಕುಳಿತಿದ್ದ ಒಬ್ಬಾಕೆ ತಲೆ ಎತ್ತದೆ ಹೇಳಿದರು: "ಕಾಡಿನಲ್ಲಿದ್ದಾರೆ ಎಂದಾದರೂ ಪಾರ್ವತಮ್ಮನವರಿಗೆ ಗೊತ್ತಲ್ಲ." ಆಕೆಯ ಗಂಡ ಮುಂಬೈಗೆ ಕೆಲಸಕ್ಕೆಂದು ಹೋಗಿ ಮೂರು ವರ್ಷವಾಗಿತ್ತು. ಮೊದಲ ವರ್ಷ ಮನಿಯಾರ್ಡರ್ ಬಂದಿತ್ತು, ಆಮೇಲೆ ಅದೂ ಇಲ್ಲ. ಇದು ಬೀದಿಗೆಲ್ಲ ತಿಳಿದಿದ್ದರೂ ಆಕೆಯ ಬಾಯಿಂದ ಯಾರೂ ಕೇಳಿರಲಿಲ್ಲ. ಅಮ್ಮ ಮೆಷಿನ್ ನಿಲ್ಲಿಸಿದರು. ಯಾರೂ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಮಾತು ಮುಂದುವರಿಸಿದರು, ಪಾರ್ವತಮ್ಮನವರನ್ನು ಬಿಟ್ಟು ಈ ಸಲ ತನ್ನದನ್ನೇ.

ನನ್ನ ಉತ್ತರದ ಮುಖ್ಯ ಭಾಗ ಇಷ್ಟೇ. ಸಿನಿಮಾದವರ ಹೆಸರು ನಮ್ಮವರಿಗೆ ಎರವಲು ಹೆಸರು. ಸ್ವಂತ ಮನೆಯ ಮಾತನ್ನು ನಾಲ್ವರ ಮುಂದೆ ಆಡಲಾಗದವರು ಮೊದಲು ಅದನ್ನು ಯಾರೋ ನಟಿಯ ಮೇಲೆ ಹಾಕಿ ಆಡಿ ನೋಡುತ್ತಾರೆ. "ಅವಳು ಬಿಟ್ಟು ಬಂದದ್ದು ಸರಿ" ಎಂದು ಒಬ್ಬರು ಹೇಳಿದಾಗ ಉಳಿದವರ ಮುಖ ಹೇಗಾಗುತ್ತದೆ ಎಂದು ನೋಡಿಕೊಳ್ಳುತ್ತಾರೆ. ಕುಮಾರವ್ಯಾಸನ ದ್ರೌಪದಿಯ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗಿಯರು ತಟ್ಟನೆ ನೆಟ್ಟಗೆ ಕೂರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಎರಡೂ ಬೇರೆ ಎಂದು ನನಗೆ ಅನ್ನಿಸುವುದಿಲ್ಲ.

ಹಾಗಾದರೆ ಟಿವಿಯಲ್ಲಿ ಬರುವುದನ್ನೆಲ್ಲ ನೋಡುತ್ತೀರಾ ಎಂದರೆ, ಇಲ್ಲ. ಇದಕ್ಕೆ ಕಾರಣ ವ್ಯಾಕರಣ, ನಗಬೇಡಿ.

ನಮ್ಮ ಬೆಂಚಿನ ಭಾಷೆಯಲ್ಲಿ ಪ್ರತಿ ವಾಕ್ಯದ ಬಾಲದಲ್ಲಿ ಒಂದು 'ಅಂತೆ' ಇರುತ್ತಿತ್ತು. ಮದುವೆಯಂತೆ, ಜಗಳವಂತೆ, ಮನೆ ಮಾರಿದರಂತೆ. ಎಷ್ಟು ಪ್ರಾಮಾಣಿಕ ಪ್ರತ್ಯಯ ಅದು! ನಾನು ಕಂಡಿಲ್ಲ, ಕೇಳಿದ್ದೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು ಎಂಬುದನ್ನೆಲ್ಲ ಎರಡಕ್ಷರದಲ್ಲಿ ಹೇಳಿಬಿಡುತ್ತದೆ. ಅಂತೆ ಕಂತೆಗಳ ಸಂತೆ ಎಂದು ಹಿರಿಯರು ಮೂಗು ಮುರಿದರೂ, ಆ ಸಂತೆಯಲ್ಲಿ ಪ್ರತಿ ಸರಕಿನ ಮೇಲೂ 'ಇದು ಅಂತೆ' ಎಂಬ ಚೀಟಿ ಅಂಟಿಸಿತ್ತು. ಪತ್ರಿಕೆಗಳು ಅದನ್ನು 'ಎನ್ನಲಾಗಿದೆ' ಎಂದು ಇಸ್ತ್ರಿ ಮಾಡಿದವು. ಯಾರು ಅಂದರು ಎಂಬುದು ಮಡಿಕೆಯೊಳಗೆ ಮರೆಯಾಯಿತು, ಆದರೂ ಅನುಮಾನಕ್ಕೆ ಜಾಗ ಉಳಿದಿತ್ತು. ಸುದ್ದಿವಾಹಿನಿಗಳು ಬಂದ ಮೇಲೆ ಎರಡನ್ನೂ ಕತ್ತರಿಸಿ ಎಸೆದು, ಕೆಂಪು ಪಟ್ಟಿಯ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದವು. ಬುದ್ಧಿವಂತರು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ, ನಾಳೆ ಯಾರಾದರೂ ಕೇಳಿದರೆ ನಾವು ಪ್ರಶ್ನೆ ಕೇಳಿದ್ದು ಅಷ್ಟೇ ಎನ್ನಬಹುದಲ್ಲ.

ಇನ್ನೊಂದು, ಬಹುವಚನ. 2024ರ ಜೂನ್‌ನಲ್ಲಿ ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಬಂಧನವಾಯಿತು. ಹಿಂದಿನ ದಿನದವರೆಗೆ 'ಅವರು' ಆಗಿದ್ದವರು ಆ ಸಂಜೆ ಎಷ್ಟೋ ಬಾಯಲ್ಲಿ 'ಅವನು' ಆದರು. ಅಪರಾಧ ಸಾಬೀತಾದರೆ ಶಿಕ್ಷೆ ಕೊಡಲು ನ್ಯಾಯಾಲಯವಿದೆ. ಸರ್ವನಾಮ ಬದಲಿಸುವ ಅಧಿಕಾರ ನಿರೂಪಕರಿಗೆ ಯಾರು ಕೊಟ್ಟರೋ ತಿಳಿಯದು. ಇದಕ್ಕಿಂತ ಹೆಚ್ಚು ಕಾಡಿದ್ದು ಬೇರೆ. ಜೈಲಿನ ತಟ್ಟೆಯಲ್ಲಿ ಮುದ್ದೆಯೋ ಚಪಾತಿಯೋ ಎಂಬ ಲೆಕ್ಕ ಗಂಟೆಗಟ್ಟಲೆ ನಡೆಯಿತು. ಸತ್ತವನ ಪತ್ನಿ ಆಗ ಗರ್ಭಿಣಿ. ಆ ಮನೆಯ ತಟ್ಟೆಯಲ್ಲಿ ಏನಿತ್ತು ಎಂದು ಕೇಳಿದವರು ಕಡಿಮೆ. ನನಗೆ ಗೊತ್ತಿರುವ ಬೆಂಚಿನ ಹೆಂಗಸರು ಮೊದಲು ಅದನ್ನೇ ಕೇಳುತ್ತಿದ್ದರು.

ಪುನೀತ್ ರಾಜ್‌ಕುಮಾರ್ ಹೋದ ದಿನವನ್ನು ಬಿಟ್ಟು ಈ ಮಾತು ಮುಗಿಸಲಾರೆ. 2021ರ ಅಕ್ಟೋಬರ್ 29, ಶುಕ್ರವಾರ. ಅಣ್ಣ ಶಿವರಾಜ್‌ಕುಮಾರ್ ಅವರ ಚಿತ್ರ ಬಿಡುಗಡೆಯಾದ ದಿನವೇ. ವಯಸ್ಸು 46. ಮಗಳು ಅಮೆರಿಕದಿಂದ ಬರಬೇಕಿತ್ತು, ಹಾಗಾಗಿ ಅಂತ್ಯಕ್ರಿಯೆ ಭಾನುವಾರ ಬೆಳಿಗ್ಗೆ. ನಡುವಿನ ಹೊತ್ತನ್ನೆಲ್ಲ ವಾಹಿನಿಗಳು ಹೇಗೆ ತುಂಬಿದವು ಎಂಬುದು ನೋಡಿದವರಿಗೆ ನೆನಪಿದೆ. ಅಳುತ್ತಿದ್ದವರ ಮುಖದ ಹತ್ತಿರ ಮೈಕ್ ಹೋದಾಗ ಅಮ್ಮ ಎದ್ದು ಟಿವಿ ಆರಿಸಿದರು. "ಸಾವಿನ ಮನೆಯಲ್ಲಿ ಬಾಗಿಲ ಹೊರಗೆ ನಿಲ್ಲಬೇಕು" ಎಂದರು, ಅಷ್ಟೇ.

ಆದರೆ ಅದೇ ಸುದ್ದಿಯ ಇನ್ನೊಂದು ತುಂಡನ್ನು ಅಮ್ಮ ಈಗಲೂ ಹೇಳುತ್ತಾರೆ. ಪುನೀತ್ ಅವರ ಕಣ್ಣುಗಳನ್ನು ನಾರಾಯಣ ನೇತ್ರಾಲಯಕ್ಕೆ ದಾನ ಮಾಡಲಾಯಿತು, ತಂದೆ ತಾಯಿಯರದ್ದೂ ಹಾಗೆಯೇ ಆಗಿತ್ತು. ಒಂದೊಂದು ಕಾರ್ನಿಯಾವನ್ನೂ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯನ್ನೂ, ಮುಂದಿನ ಪದರ, ಹಿಂದಿನ ಪದರ ಎಂದು ಬೇರೆ ಮಾಡಿ ಇಬ್ಬರ ಬದಲು ನಾಲ್ವರಿಗೆ ಕಸಿ ಮಾಡಿದರು. ಪತ್ರಿಕೆಯಲ್ಲಿದ್ದ ಇದನ್ನು ನಾನು ಓದಿ ಹೇಳಿದಾಗ ಅಮ್ಮ ಕತ್ತರಿ ಕೆಳಗಿಟ್ಟು ಒಂದು ಕ್ಷಣ ಯೋಚಿಸಿದರು. "ಎರಡು ರವಿಕೆಯ ಬಟ್ಟೆಯಲ್ಲಿ ನಾಲ್ಕು ತೆಗೆದ ಹಾಗೆ. ಕತ್ತರಿಸಿದವನು ಕೈಚಳಕದವನು" ಎಂದರು. ಆ ತಿಂಗಳು ಬೆಂಚಿಗೆ ಬಂದವರಿಗೆಲ್ಲ ಅಮ್ಮ ತೋಳಿನ ಕಾಗದವನ್ನು ಮಡಚಿ, ಪದರ ಬಿಡಿಸಿ ತೋರಿಸಿ, ಇದನ್ನೇ ವಿವರಿಸಿದರು. ಇಬ್ಬರು ನೇತ್ರದಾನದ ಅರ್ಜಿ ತುಂಬಿದ್ದಾರೆ. ಒಬ್ಬರು ಅಮ್ಮನೇ. ಸಿನಿಮಾ ಸುದ್ದಿಯಿಂದ ಏನು ಉಪಯೋಗ ಎನ್ನುವ ಚಿಕ್ಕಪ್ಪನಿಗೆ ನಾನು ಇದನ್ನು ಹೇಳಿದೆ. ಅವರು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಈಗ ಅಮ್ಮನ ಕೈಯಲ್ಲೂ ಮೊಬೈಲ್ ಇದೆ. ಹಿರಿಯ ನಟ ದ್ವಾರಕೀಶ್ ತೀರಿಕೊಂಡರೆಂದು ಅವರು ಬದುಕಿದ್ದಾಗಲೇ ಸುದ್ದಿ ಹಬ್ಬಿಸಿದ್ದರು, ಅವರೇ ಮುಂದೆ ಬಂದು ನಾನಿದ್ದೇನೆ ಎನ್ನಬೇಕಾಯಿತು. 2024ರ ಏಪ್ರಿಲ್ 16ರಂದು ಮತ್ತೆ ಅದೇ ಸುದ್ದಿ ಮೊಬೈಲಿಗೆ ಬಂತು, ಹೂವಿನ ಚಿತ್ರ, ಕೈಮುಗಿದ ಚಿತ್ರಗಳ ಸಮೇತ. ಅಮ್ಮ ನಂಬಲಿಲ್ಲ. "ಅಂತೆ ಇದೆಯಾ ನೋಡು" ಎಂದು ಫೋನನ್ನು ನನ್ನ ಕಡೆ ಹಿಡಿದರು. ಇರಲಿಲ್ಲ. ಸಂಜೆ ಆಕಾಶವಾಣಿಯ ಪ್ರದೇಶ ಸಮಾಚಾರಕ್ಕೆ ರೇಡಿಯೊ ಹಚ್ಚಿ, ಮೆಷಿನ್ ನಿಲ್ಲಿಸಿ ಕೇಳಿದರು. ಈ ಸಲ ಸುದ್ದಿ ನಿಜವಾಗಿತ್ತು. ಆಮೇಲೆ ಬೆಂಚಿನ ಮೇಲೆ ಕಾಯುತ್ತಿದ್ದ ಹುಡುಗಿಗೆ, "ನಿನ್ನದು ನಾಳೆ ಬೆಳಿಗ್ಗೆ ಕೊಡುತ್ತೇನಮ್ಮ" ಎಂದು ದೀಪ ಆರಿಸಿದರು.