ಡ್ಯಾಮರೆಲ್ ಪ್ರಭುವಿನ ವಿಚಾರಣೆ

ಜಾರ್ಜೆಟ್ ಹೇಯರ್ ಅವರ ‘ವೆನೀಷಿಯಾ’ ಓದಲೇಬೇಕು ಎಂದು ಪಟ್ಟು ಹಿಡಿದವರು ನಮ್ಮ ಓದುಗರ ಕೂಟದ ಅತಿ ಹಿರಿಯ ಸದಸ್ಯೆ. ಹೆರಿಗೆ ವಾರ್ಡಿನಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ಯುದ್ಧ, ಕೊಲೆ, ಕಾಯಿಲೆ ಎಂದು ತಿಂಗಳುಗಟ್ಟಲೆ ಓದಿ ಸಾಕಾಗಿದೆ, ಒಮ್ಮೆಯಾದರೂ ಒಬ್ಬ ಚೆಂದದ ಪೋಲಿಯ ಕಥೆ ಓದೋಣ ಎಂಬುದು ಅವರ ವಾದ. ಯಾರೂ ಎದುರಾಡಲಿಲ್ಲ. ಕಾದಂಬರಿ ಪ್ರಕಟವಾದದ್ದು 1958ರಲ್ಲಿ, ಅದರ ಕಥೆ ನಡೆಯುವುದು 1818ರ ಯಾರ್ಕ್‌ಷೈರಿನಲ್ಲಿ. ನಾವಿರುವುದೂ ಯಾರ್ಕ್‌ಷೈರಿನದೇ ಒಂದು ಸಣ್ಣ ಊರು. ಇಲ್ಲಿನ ಗ್ರಂಥಾಲಯವನ್ನು ಈಗ ನಡೆಸುವವರು ಸ್ವಯಂಸೇವಕರು. ಸಂಜೆ ಮಕ್ಕಳ ವಿಭಾಗದ ಕಪಾಟುಗಳನ್ನು ಗೋಡೆಗೆ ತಳ್ಳಿ, ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿ, ಚಹಾ ಮತ್ತು ಬಿಸ್ಕತ್ತು ಇಟ್ಟುಕೊಂಡರೆ ಕೂಟ ಸಿದ್ಧ. ಎಂಬತ್ತು ದಾಟಿದವರನ್ನೂ ಇಲ್ಲಿ ಬರೀ ಹೆಸರು ಹಿಡಿದು ಕರೆಯಬೇಕು. ನನ್ನ ನಾಲಿಗೆ ಅದಕ್ಕೆ ಇನ್ನೂ ಒಗ್ಗಿಲ್ಲ. ಹೆಸರು ಬರಬೇಕಾದ ಜಾಗದಲ್ಲಿ ಸುಮ್ಮನೆ ನಕ್ಕು ಮುಂದಕ್ಕೆ ಹೋಗುತ್ತೇನೆ, ಈ ಬರಹದಲ್ಲೂ ಹಾಗೆಯೇ.

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ವೆನೀಷಿಯಾ ಲ್ಯಾನ್ಯನ್‌ಗೆ ಇಪ್ಪತ್ತೈದು ವರ್ಷ. ಅಂದಿನ ಲೆಕ್ಕದಲ್ಲಿ ಮದುವೆಯ ವಯಸ್ಸು ಜಾರುತ್ತಿದೆ. ಮಹಾ ಚೆಲುವೆ, ಆದರೆ ಯಾರ್ಕ್‌ಷೈರಿನ ಗಡಿಯಾಚೆ ಕಾಲಿಟ್ಟವಳಲ್ಲ. ಹೆಂಡತಿಯಿಲ್ಲದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತ ಅಪ್ಪ ಮಗಳನ್ನೂ ಒಳಗೇ ಇಟ್ಟುಕೊಂಡು ಸತ್ತಿದ್ದಾನೆ. ಅಣ್ಣ ಕಾನ್ವೇ ಫ್ರಾನ್ಸಿನಲ್ಲಿ ಬೀಡುಬಿಟ್ಟ ಬ್ರಿಟಿಷ್ ಸೇನೆಯಲ್ಲಿದ್ದಾನೆ, ಅವನ ಆಸ್ತಿಯನ್ನು ನೋಡಿಕೊಳ್ಳುವ ಕೆಲಸ ಇವಳದು. ತಮ್ಮ ಆಬ್ರಿ ಕುಂಟ, ಸಿಡುಕ, ಗ್ರೀಕ್ ಮತ್ತು ಲ್ಯಾಟಿನ್ ಪುಸ್ತಕಗಳಲ್ಲಿ ಮುಳುಗಿದ ಹುಡುಗ. ಪಕ್ಕದ ಎಸ್ಟೇಟಿನ ಒಡೆಯನೇ ಡ್ಯಾಮರೆಲ್ ಪ್ರಭು. ನಲವತ್ತರ ಹತ್ತಿರ ಬಂದವನು, ಹರೆಯದಲ್ಲಿ ಇನ್ನೊಬ್ಬನ ಹೆಂಡತಿಯೊಂದಿಗೆ ಓಡಿಹೋದವನು, ಆಮೇಲೆ ಹಣ, ಮಾನ ಎರಡನ್ನೂ ಕೈತುಂಬ ಚೆಲ್ಲಿದವನು. ಸಂಭಾವಿತರ ಮನೆಗಳಲ್ಲಿ ಅವನ ಹೆಸರೆತ್ತುವಂತಿಲ್ಲ.

ಚರ್ಚೆಗೆ ಕಿಡಿ ತಗುಲಿಸಿದವಳು ಕೂಟದ ಅತಿ ಕಿರಿಯಳು, ಸಮಾಜಕಾರ್ಯ ಓದುತ್ತಿರುವ ವಿದ್ಯಾರ್ಥಿನಿ. ಪುಸ್ತಕದ ತುಂಬ ಹಳದಿ ಚೀಟಿ ಅಂಟಿಸಿಕೊಂಡು ಬಂದಿದ್ದಳು. ನಾಯಕ ನಾಯಕಿಯರು ಮೊದಲು ಎದುರಾಗುವುದು ಅವನ ಜಮೀನಿನ ಬ್ಲ್ಯಾಕ್‌ಬೆರಿ ಪೊದೆಗಳ ಬಳಿ. ಹಣ್ಣು ಕೀಳುತ್ತಿದ್ದವಳನ್ನು ಹಳ್ಳಿಯ ಹುಡುಗಿ ಎಂದುಕೊಂಡು ಅವನು ಹಿಡಿದು ಮುತ್ತಿಡುತ್ತಾನೆ. ಅವಳು ಕೊಸರಾಡುತ್ತಾಳೆ. ಬಿಡಿಸಿಕೊಂಡ ಮೇಲೆ ಓಡಿಹೋಗದೆ ನಿಂತು ಅವನಿಗೆ ಸರಿಯಾಗಿ ಉತ್ತರ ಕೊಡುತ್ತಾಳೆ. ಅವನು ಕವಿವಾಕ್ಯ ಹೇಳಿದರೆ ಇವಳು ಅದಕ್ಕೆ ಪ್ರತಿಯಾಗಿ ಇನ್ನೊಂದು ಹೇಳುತ್ತಾಳೆ. ಪ್ರೇಮ ಮೊಳೆಯುವುದು ಆ ಮಾತಿನ ಜಗಳದಲ್ಲಿ.

“ಅವಳು ನಿಜವಾಗಿಯೂ ಹಳ್ಳಿಯ ಹುಡುಗಿಯೇ ಆಗಿದ್ದರೆ? ಷೇಕ್ಸ್‌ಪಿಯರ್ ಬಾಯಿಪಾಠವಿಲ್ಲದ ಹುಡುಗಿಯಾಗಿದ್ದರೆ?” ಎಂದು ಆಕೆ ಕೇಳಿದಳು.

ಒಂದು ಗಳಿಗೆ ಯಾರೂ ಬಾಯಿ ಬಿಡಲಿಲ್ಲ. ಆ ಪುಟವನ್ನು ಓದುವಾಗ ನಾನು ನಕ್ಕಿದ್ದೆ. ಮಾತಿನ ಚಕಮಕಿ ಅಷ್ಟು ಸೊಗಸಾಗಿದೆ, ನಗದೆ ಇರಲು ಆಗುವುದಿಲ್ಲ. ಆದರೆ ಆ ಪ್ರಶ್ನೆಗೆ ಪುಸ್ತಕದೊಳಗೆ ಉತ್ತರವಿಲ್ಲ ಎಂಬುದೂ ಖರೆ. ಹಿರಿಯ ದಾದಿ ಕಾಲವೇ ಹಾಗಿತ್ತು ಎಂದರು. ಹುಡುಗಿ ಬಿಡಲಿಲ್ಲ. ಕಥೆಯ ಕಾಲ 1818 ಇರಬಹುದು, ಬರೆದದ್ದು 1958ರಲ್ಲಿ, ಬರೆದವರು ಐವತ್ತು ದಾಟಿದ, ಲೋಕ ಕಂಡ ಹೆಂಗಸು ಎಂದಳು. ಅದೂ ನಿಜವೇ. ಹೇಯರ್ ಹುಟ್ಟಿದ್ದು 1902ರಲ್ಲಿ. ಗಣಿ ಎಂಜಿನಿಯರ್ ಆಗಿದ್ದ ಗಂಡನೊಂದಿಗೆ ಆಫ್ರಿಕಾದ ಟ್ಯಾಂಗನಿಕಾದಲ್ಲೂ ಮ್ಯಾಸಿಡೋನಿಯಾದಲ್ಲೂ ಇದ್ದು ಬಂದವರು. ಈ ಕಾದಂಬರಿ ಹೊರಬರುವಾಗ ಅವರ ವಾಸ ಲಂಡನ್ನಿನ ಪಿಕಡಿಲಿಯ ಆಲ್ಬನಿ ಎಂಬ ಕಟ್ಟಡದಲ್ಲಿ. ಒಂದು ಕಾಲಕ್ಕೆ ಕವಿ ಬೈರನ್ ಬಿಡಾರ ಹೂಡಿದ್ದು ಅಲ್ಲಿಯೇ. ಪೋಲಿಗಳ ವಿಷಯಕ್ಕೆ ಅದಕ್ಕಿಂತ ತಕ್ಕ ವಿಳಾಸ ಇಂಗ್ಲೆಂಡಿನಲ್ಲಿ ಸಿಗಲಾರದು.

ನಾನು ಒಂದು ಸಂಗತಿ ಎತ್ತಿದೆ. ಕಾದಂಬರಿಯಲ್ಲಿ ಇನ್ನೊಂದು ಬಲವಂತದ ಮುತ್ತಿನ ಪ್ರಸಂಗವೂ ಇದೆ. ಬೈರನ್ನನಂತೆ ಕೊರಳಪಟ್ಟಿ ಬಿಚ್ಚಿಕೊಂಡು ತಿರುಗುವ ಆಸ್ವಾಲ್ಡ್ ಎಂಬ ಎಳೆಯ ಹುಡುಗ ವೆನೀಷಿಯಾಳ ಮೇಲೆ ಬೀಳುತ್ತಾನೆ. ಅವನನ್ನು ತಡೆಯುವವನು ಡ್ಯಾಮರೆಲ್. ತನ್ನ ನಾಯಕ ಮೊದಲು ಮಾಡಿದ್ದೇನು ಎಂಬುದು ಲೇಖಕಿಗೆ ಗೊತ್ತಿದ್ದೇ ಈ ಎರಡನೆಯದನ್ನು ಅಲ್ಲಿಟ್ಟಿದ್ದಾರೆ ಎಂಬುದು ನನ್ನ ಎಣಿಕೆ.

“ಕಳ್ಳನೇ ಕಾವಲಿಗೆ ನಿಂತರೆ ಹಳೆಯ ಕಳ್ಳತನ ಮಾಫಿಯೇ?” ಎಂದು ಆ ಹುಡುಗಿ ಕೇಳಿದಳು. ಅವಳ ಮಾತಿನ ಧಾಟಿ ಬೇರೆ, ಕನ್ನಡದಲ್ಲಿ ಹೇಳುವುದಾದರೆ ಹೀಗೆಯೇ.

ಕೌಟುಂಬಿಕ ನ್ಯಾಯಾಲಯಗಳಲ್ಲಿ ವಿಚ್ಛೇದನದ ಮೊಕದ್ದಮೆ ನಡೆಸಿ ದಣಿದ ವಕೀಲೆಯೊಬ್ಬರು ನಮ್ಮಲ್ಲಿದ್ದಾರೆ. ಅವರಿಗೆ ಡ್ಯಾಮರೆಲ್ ಬಗ್ಗೆ ಅಂಥ ಆಸಕ್ತಿಯಿಲ್ಲ. ಅವರ ಕಣ್ಣು ವೆನೀಷಿಯಾಳ ತಾಯಿಯ ಮೇಲೆ. ತಾಯಿ ಸತ್ತಳೆಂದು ಮಗಳು ನಂಬಿಕೊಂಡು ಬಂದಿದ್ದಾಳೆ. ಅಸಲಿಗೆ ಅವಳು ಬೇರೊಬ್ಬನೊಂದಿಗೆ ಹೊರಟುಹೋಗಿ, ವಿಚ್ಛೇದನವಾಗಿ, ಅವನನ್ನೇ ಮದುವೆಯಾಗಿ ಲೇಡಿ ಸ್ಟೀಪಲ್ ಆಗಿ ಬದುಕಿದ್ದಾಳೆ. ಅಂದಿನ ಇಂಗ್ಲೆಂಡಿನಲ್ಲಿ ಮರುಮದುವೆಗೆ ಅವಕಾಶ ಕೊಡುವ ವಿಚ್ಛೇದನ ಬೇಕೆಂದರೆ ಪಾರ್ಲಿಮೆಂಟಿನಲ್ಲಿ ಆ ಒಂದು ಜೋಡಿಗೆಂದೇ ಪ್ರತ್ಯೇಕ ಕಾಯಿದೆ ಆಗಬೇಕಿತ್ತು. 1857ರವರೆಗೂ ಅದೇ ಪದ್ಧತಿ. ಆ ಅಷ್ಟೂ ಕಾಲದಲ್ಲಿ ಹಾಗೆ ಕಾಯಿದೆ ಮಾಡಿಸಿಕೊಂಡು ಗಂಡನಿಂದ ಬಿಡುಗಡೆ ಪಡೆದ ಹೆಂಗಸರು ನಾಲ್ವರೇ. ಮಕ್ಕಳ ಮೇಲಿನ ಹಕ್ಕು ಪೂರ್ತಿಯಾಗಿ ತಂದೆಯದು. ತಾಯಿ ನ್ಯಾಯಾಲಯದ ಮುಂದೆ ಕೈಯೊಡ್ಡಿ ಕೇಳುವುದಕ್ಕೂ 1839ರ ಕಾಯಿದೆ ಬರಬೇಕಾಯಿತು. “ಅವಳು ಮಕ್ಕಳನ್ನು ಬಿಟ್ಟುಹೋದಳು ಎನ್ನುತ್ತೀರಲ್ಲ, ಕರೆದುಕೊಂಡು ಹೋಗುವ ದಾರಿ ಯಾವುದಿತ್ತು?” ಎಂದರು. ಹೇಯರ್ ಅವಳನ್ನು ಕನ್ನಡಿ ಬಿಟ್ಟು ಏಳದ ಹೆಂಗಸಾಗಿ ಚಿತ್ರಿಸಿರುವುದರಿಂದ ಓದುಗರಿಗೆ ಅವಳ ಮೇಲೆ ಕರುಣೆ ಹುಟ್ಟುವುದಿಲ್ಲ. ಅದು ಲೇಖಕಿ ಮಾಡಿದ ಅನ್ಯಾಯ ಎಂಬ ವಕೀಲೆಯ ದೂರಿನಲ್ಲಿ ಹುರುಳಿತ್ತು.

ಇಷ್ಟರಲ್ಲಿ ನನ್ನ ಬಾಯಿ ನವೆಯುತ್ತಿತ್ತು. ಕಾದಂಬರಿಯಲ್ಲಿ ನನ್ನ ರಕ್ತ ಕುದಿಸುವವನು ಎಡ್ವರ್ಡ್ ಯಾರ್ಡ್ಲಿ. ನೆರೆಯ ಜಮೀನ್ದಾರ, ಸಾಲವಿಲ್ಲ, ಚಟವಿಲ್ಲ, ಊರೆಲ್ಲ ಒಪ್ಪುವ ವರ. ವೆನೀಷಿಯಾ ಬೇಡವೆಂದರೆ ಅದನ್ನು ನಾಚಿಕೆಯೆಂದು ತಿಳಿಯುತ್ತಾನೆ. ಇನ್ನೊಮ್ಮೆ ಬೇಡವೆಂದರೆ ತಿಳಿವಳಿಕೆ ಸಾಲದೆಂದು ತಿಳಿಯುತ್ತಾನೆ. ಸಿಟ್ಟಾಗಿ ಹೇಳಿದರೆ ಆಯಾಸವಾಗಿದೆ, ಮಲಗಿಕೋ ಎನ್ನುವ ಜಾತಿ. ಅವನು ಒಮ್ಮೆಯೂ ಅವಳ ಮೈ ಮುಟ್ಟುವುದಿಲ್ಲ, ದನಿ ಎತ್ತುವುದಿಲ್ಲ. ಅವಳ ಇಡೀ ಆಯುಸ್ಸನ್ನು ಮಾತ್ರ ಆಗಲೇ ತನ್ನ ಹೆಸರಿಗೆ ಬರೆದುಕೊಂಡು ಕುಳಿತಿದ್ದಾನೆ. ಇಂಥವರನ್ನು ನಾನು ಬಲ್ಲೆ. ನಮ್ಮ ಕಡೆ ಇವರಿಗೆ ಜಾತಕ ಕೂಡಿಬರುವುದು ಬಹಳ ಬೇಗ. ‘ಹುಡುಗ ಬಂಗಾರ’ ಎಂದು ಮನೆಯವರೆಲ್ಲ ಸೇರಿ ಹೇಳುವಾಗ ಹುಡುಗಿಯ ಬೇಡ ಎಂಬ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಡ್ಯಾಮರೆಲ್ ವೆನೀಷಿಯಾಳನ್ನು ಗೆಲ್ಲುವುದೂ ಈ ಒಂದು ಗುಣದಿಂದ ಎಂದೆ: ಅವನು ಎದುರಿನವರ ಮಾತು ಕೇಳುತ್ತಾನೆ. ಆಬ್ರಿ ಕುದುರೆಯಿಂದ ಬಿದ್ದಾಗ ಅವನನ್ನು ತನ್ನ ಮನೆಗೆ ಹೊತ್ತೊಯ್ದು ಆರೈಕೆ ಮಾಡಿಸುತ್ತಾನೆ. ಕುಂಟ ಎಂಬ ಮರುಕ ತೋರಿಸದೆ, ಸಮಾನನೊಂದಿಗೆ ಆಡುವಂತೆ ಹಳೆಯ ಗ್ರಂಥಗಳ ವಿಷಯ ಮಾತನಾಡುತ್ತಾನೆ. ಆಬ್ರಿಗೆ ಅಂಥ ಗೆಳೆಯ ಅದೇ ಮೊದಲು. ಇಷ್ಟು ಬಲ್ಲವನೇ ಕೊನೆಗೆ ಎಡ್ವರ್ಡ್ ಮಾಡುವುದನ್ನೇ ಮಾಡುತ್ತಾನೆ ನೋಡಿ. ತನ್ನಂಥವನನ್ನು ಕಟ್ಟಿಕೊಂಡರೆ ಅವಳ ಹೆಸರು ಕೆಡುತ್ತದೆ ಎಂದು ತಾನೇ ತೀರ್ಮಾನಿಸಿ, ಅಷ್ಟು ದಿನದ ಒಲವೆಲ್ಲ ಕಾಲಹರಣ ಎಂಬಂತೆ ನಟಿಸಿ ಲಂಡನ್ನಿಗೆ ಕಳಿಸಿಬಿಡುತ್ತಾನೆ. ಅವಳ ಒಳ್ಳೆಯದಕ್ಕೆಂದು ಅಪ್ಪ ಮನೆಯೊಳಗಿಟ್ಟ, ಅವಳ ಒಳ್ಳೆಯದಕ್ಕೆಂದು ಎಲ್ಲರೂ ಸೇರಿ ತಾಯಿಯನ್ನು ಸಾಯಿಸಿದರು, ಅವಳ ಒಳ್ಳೆಯದಕ್ಕೆಂದು ಪ್ರೇಮಿ ಕೈಬಿಟ್ಟ. ಪೊದೆಯ ಬಳಿ ಅವಳಿಗೆ ತಿರುಗಿ ಮಾತನಾಡಲಾದರೂ ಅವಕಾಶವಿತ್ತು. ಇಲ್ಲಿ ಅದೂ ಇಲ್ಲ.

“ಅಂದರೆ ಮೊದಲನೆಯದನ್ನು ಕ್ಷಮಿಸುತ್ತೀರಾ?” ಎಂದಳು ವಿದ್ಯಾರ್ಥಿನಿ.

ಇಲ್ಲ ಎಂದೆ. ಆ ಹಳ್ಳಿಯ ಹುಡುಗಿಯ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ.

ಕೂಟದ ಏಕೈಕ ಗಂಡಸು, ಮಗನಿಗೆ ಹೊಲ ಒಪ್ಪಿಸಿ ಪುಸ್ತಕ ಹಿಡಿದ ರೈತ, ತನ್ನ ತಕರಾರನ್ನು ಚಿಕ್ಕದಾಗಿ ಹೇಳಿದ. ಇದೇ ಕೌಂಟಿಯಲ್ಲಿ, ಕಥೆಗೆ ಐದೇ ವರ್ಷ ಹಿಂದೆ, 1813ರ ಜನವರಿಯಲ್ಲಿ, ಯಂತ್ರಗಳ ವಿರುದ್ಧ ದಂಗೆಯೆದ್ದ ಲಡ್ಡೈಟರಲ್ಲಿ 17 ಜನರನ್ನು ಯಾರ್ಕ್ ನಗರದಲ್ಲಿ ಗಲ್ಲಿಗೇರಿಸಿದರು. ಅದರ ಸೊಲ್ಲೇ ಪುಸ್ತಕದಲ್ಲಿಲ್ಲ. ಡ್ಯಾಮರೆಲ್ ಪೋಲು ಮಾಡಿದ ದುಡ್ಡು ಯಾರ ಬೆವರಿನದು ಎಂದೂ ಯಾರೂ ಕೇಳುವುದಿಲ್ಲ. ಅಷ್ಟು ಹೇಳಿ ಅವನು ಬಿಸ್ಕತ್ತಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

ಲಂಪಟನನ್ನು ತಿದ್ದಿದರೆ ಅವನೇ ಉತ್ತಮ ಗಂಡ ಎಂಬ ನಂಬಿಕೆ ಅಪಾಯಕಾರಿ ಎಂದು ಸ್ಯಾಮುಯೆಲ್ ರಿಚರ್ಡ್‌ಸನ್ 1740ರ ದಶಕದಲ್ಲೇ ‘ಕ್ಲಾರಿಸಾ’ದ ಮೂಲಕ ಎಚ್ಚರಿಸಿದ್ದ ಎಂದು ವಕೀಲೆ ನೆನಪಿಸಿದರು. ಸಂಪುಟಗಳು ಒಂದೊಂದಾಗಿ ಹೊರಬರುತ್ತಿರುವಾಗಲೇ ಲೇಡಿ ಬ್ರಾಡ್‌ಶೇ ಎಂಬ ಓದುಗಿ ಸುಳ್ಳು ಹೆಸರಿನಲ್ಲಿ ಅವನಿಗೆ ಪತ್ರ ಬರೆದು, ಖಳನಾಯಕ ಲವ್‌ಲೇಸ್‌ನನ್ನು ತಿದ್ದಿ ಕ್ಲಾರಿಸಾಳ ಕೈಹಿಡಿಸು ಎಂದು ಅಂಗಲಾಚಿದ್ದಳಂತೆ. ಅವನು ಕೇಳಲಿಲ್ಲ, ಇಬ್ಬರನ್ನೂ ಸಾಯಿಸಿದ. ಹೇಯರ್ ಮಾತ್ರ ಆ ಓದುಗಿಯ ಮೊರೆ ಕೇಳಿಸಿಕೊಂಡವರಂತೆ ಬರೆಯುತ್ತಾರೆ, ಅದರಲ್ಲೂ ಒಂದು ಚೇಷ್ಟೆಯಿದೆ. ಡ್ಯಾಮರೆಲ್ ಪೂರ್ತಿ ಸಾಧುವಾಗಲಿ ಎಂದು ವೆನೀಷಿಯಾ ಕೇಳುವುದಿಲ್ಲ. ಪುಸ್ತಕದ ಕೊನೆಯಲ್ಲಿ ಅವನು ತನ್ನ ಮೋಜುಕೂಟಗಳ ಗತಿಯೇನು ಎಂದು ಗೋಳಾಡಿದರೆ, ಅಪರೂಪಕ್ಕೆ ನಡೆಯಲಿ, ತಾನು ಹೋಗಿ ಮಲಗಿಕೊಳ್ಳುತ್ತೇನೆ ಎನ್ನುತ್ತಾಳೆ. ನೀನೇ ಅಧ್ಯಕ್ಷತೆ ವಹಿಸುವುದಿಲ್ಲವೇ ಎಂದು ಅವನು ನಿರಾಶನಾಗುತ್ತಾನೆ.

ಆ ಪುಟವನ್ನು ಹಿರಿಯ ದಾದಿ ಗಟ್ಟಿಯಾಗಿ ಓದಿದರು. ಅವರು ಓದಿದ ರೀತಿಗೆ ಆಚೆ ಕಂಪ್ಯೂಟರ್ ಮುಂದಿದ್ದವರೂ ತಿರುಗಿ ನೋಡಿದರು. “ನಗಿಸುವ ಗಂಡ ಸಿಕ್ಕುವುದು ಎಷ್ಟು ಕಷ್ಟ ಎಂದು ನಿಮಗೇನು ಗೊತ್ತು?” ಎಂದು ಹುಡುಗಿಯನ್ನು ಗದರಿದರು. ತಾವು ನೋಡಿದ ಹೆರಿಗೆಗಳ ಹೊತ್ತಿನಲ್ಲಿ ಎಷ್ಟೋ ಸಭ್ಯ ಗಂಡಂದಿರು ಪತ್ರಿಕೆ ಹಿಡಿದು ಹೊರಗೆ ಕುಳಿತಿರುತ್ತಿದ್ದರು ಎಂದೂ ಸೇರಿಸಿದರು. ಅದು ವಾದವಾಗಲಿಲ್ಲ, ಆದರೂ ಅದಕ್ಕೆ ಯಾರೂ ಪ್ರತಿವಾದ ಹೂಡಲಿಲ್ಲ.

ಇವೆಲ್ಲ ಹೊತ್ತು ಕಳೆಯುವ ಪುಸ್ತಕಗಳು ಎಂದು ಯಾರೋ ಹಗುರವಾಗಿ ಅಂದರು. ಅದಕ್ಕೆ ಗ್ರಂಥಾಲಯದ ಸ್ವಯಂಸೇವಕಿ ಹೇಯರ್ ಅವರ ಜೀವನಚರಿತ್ರೆಯಲ್ಲಿ ಬರುವ ಒಂದು ಸಂಗತಿ ಹೇಳಿದರು. ರುಮೇನಿಯಾದಲ್ಲಿ ರಾಜಕೀಯ ಕೈದಿಯಾಗಿದ್ದ ಒಬ್ಬ ಹೆಂಗಸು ‘ಫ್ರೈಡೇಸ್ ಚೈಲ್ಡ್’ ಎಂಬ ಇವರದೇ ಕಾದಂಬರಿಯ ಕಥೆಯನ್ನು ಮತ್ತೆ ಮತ್ತೆ ಹೇಳುತ್ತ, 12 ವರ್ಷ ತಾನೂ ತನ್ನ ಜೊತೆಗಾತಿಯರೂ ಬುದ್ಧಿ ಕೆಡದಂತೆ ಉಳಿದದ್ದನ್ನು ಲೇಖಕಿಗೆ ಬರೆದು ತಿಳಿಸಿದ್ದಳು. ಸಂದರ್ಶನವೆಂದರೆ ಉರಿದುಬೀಳುತ್ತಿದ್ದ, ಪತ್ರಿಕೆಯವರನ್ನು ಹತ್ತಿರ ಸೇರಿಸದ ಹೇಯರ್ ಆ ಪತ್ರವನ್ನು ಮಾತ್ರ ಇಟ್ಟುಕೊಂಡಿದ್ದರಂತೆ.

ರಾತ್ರಿ ಮನೆಗೆ ಬಂದರೂ ತಲೆಯೊಳಗಿನ ಗದ್ದಲ ಇಳಿಯಲಿಲ್ಲ. ಮೈಸೂರಿನಲ್ಲಿ ಬೆಳಗಾಗುವುದನ್ನೇ ಕಾದು ನನ್ನ ಸೋದರತ್ತೆಗೆ ಫೋನ್ ಮಾಡಿದೆ. ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು, ಮದುವೆಯಾಗದೆ ಉಳಿದವರು. ಎಪ್ಪತ್ತರ ದಶಕದಲ್ಲಿ ಬಾಡಿಗೆ ಪುಸ್ತಕದಂಗಡಿಯಿಂದ ಹೇಯರ್ ಕಾದಂಬರಿಗಳನ್ನು ಒಂದನ್ನೂ ಬಿಡದೆ ತಂದು ಓದಿದವರು. ನಾನು ಸಂಜೆಯ ವಾದವನ್ನೆಲ್ಲ ಒಪ್ಪಿಸಿ, “ನಿಮ್ಮ ಮತ ಯಾರಿಗೆ ಅತ್ತೆ, ಡ್ಯಾಮರೆಲ್‌ಗೋ ಎಡ್ವರ್ಡ್‌ಗೋ?” ಎಂದೆ.

“ಇಬ್ಬರೂ ಯಾಕೆ ಬೇಕಿತ್ತು ಆ ಹುಡುಗಿಗೆ?” ಎಂದರು. “ಅವಳ ಕೈಯಲ್ಲಿ ಸ್ವಂತ ದುಡ್ಡಿತ್ತು. ಅಣ್ಣ ಬಂದರೆ ಬೇರೆ ಮನೆ ಮಾಡಿ ತಮ್ಮನ ಜೊತೆ ಇರುತ್ತೇನೆ ಎಂದು ಅವಳೇ ಹೇಳುತ್ತಾಳಲ್ಲ. ಅಷ್ಟು ಓದಿದವಳು, ಅಷ್ಟು ಮಾತು ಬಲ್ಲವಳು. ಆ ಯೋಜನೆಯನ್ನು ನಿನ್ನ ಲೇಖಕಿ ಎಲ್ಲಿ ಕೈಬಿಟ್ಟರೋ ಅಲ್ಲಿ ನನಗೆ ಪುಸ್ತಕ ಸಪ್ಪೆಯಾಯಿತು.”

ನಾನು ಸೋಲಲಿಲ್ಲ. ಆಬ್ರಿ ಶುದ್ಧ ಸ್ವಾರ್ಥಿ, ಕೇಂಬ್ರಿಜ್‌ಗೆ ಹೊರಟವನು, ಅವನನ್ನು ನಂಬಿ ಮನೆ ಮಾಡಿದರೆ ಅವಳಿಗೆ ಸಿಗುವುದು ಖಾಲಿ ಕೋಣೆ ಎಂದೆ. ಅದೂ ಅಲ್ಲದೆ, ತಾಯಿ ಬದುಕಿರುವುದು ತಿಳಿದ ಮೇಲೆ ವೆನೀಷಿಯಾ ಮಾಡುವುದೇನು? ಅವಳನ್ನು ಹುಡುಕಿಕೊಂಡು ಹೋಗಿ, ತಮ್ಮೊಡನೆ ಬಂದಿರು ಎಂಬ ಪತ್ರ ಗಿಟ್ಟಿಸಿ, ಅದನ್ನು ತಂದು ಡ್ಯಾಮರೆಲ್‌ನ ಮುಂದೆ ಹಿಡಿಯುತ್ತಾಳೆ. ಹೆಸರು ಕೆಡುತ್ತದೆ ಎಂದೆಯಲ್ಲ, ನೀನು ಬೇಡವೆಂದರೆ ನಾನು ಹೋಗುವುದು ಈ ಹೆಸರು ಕೆಟ್ಟವರ ಮನೆಗೇ ಎನ್ನುತ್ತಾಳೆ. ಎಲ್ಲರೂ ಅವಳಿಂದ ಮುಚ್ಚಿಟ್ಟದ್ದನ್ನೇ ಎತ್ತಿಕೊಂಡು ಬಂದು ತನ್ನ ಆಯ್ಕೆಗೆ ದಾರಿ ಬಿಡಿಸಿಕೊಳ್ಳುತ್ತಾಳೆ. ಅದಕ್ಕಿಂತ ಸ್ವಂತ ಬುದ್ಧಿ ಇನ್ನೇನು ಬೇಕು?

“ಅಷ್ಟೆಲ್ಲ ಬುದ್ಧಿ ಖರ್ಚು ಮಾಡಿ ಆ ಸಾಲಗಾರನನ್ನು ತಾನೇ ಕಟ್ಟಿಕೊಂಡದ್ದು?” ಎಂದರು ಅತ್ತೆ. ಹಾಲಿನವನು ಬಂದ, ಆಮೇಲೆ ಮಾತನಾಡುತ್ತೇನೆ ಎಂದು ಫೋನ್ ಇಟ್ಟರು.